ಅಪ್‌ಡೇಟ್: ಮೆಡೆಸ್ ದ್ವೀಪಗಳಿಗೆ ಹೋಗಿ ಬಂದೆ

18 ಮೀಟರ್ ಆಳದವರೆಗೆ ಇಳಿಯುವ ಡೈವಿಂಗ್ ಪ್ರಮಾಣಪತ್ರವಷ್ಟೇ ಇರುವ ನಾನು ಸ್ಪೇನಿನ ಮೆಡೆಸ್ ದ್ವೀಪಗಳಲ್ಲಿ ಡೈವಿಂಗ್ ಮಾಡಬಹುದೇ ಎಂದು ಇಲ್ಲಿ ಹಿಂದೆ ಕೇಳಿದ್ದೆ. ಧಾರಾಳವಾಗಿ ಮಾಡಬಹುದು. ಎಸ್ತಾರ್ತಿತ್ ಬಂದರಿನಿಂದ ದೋಣಿಯಲ್ಲಿ ಕೆಲವೇ ನಿಮಿಷಗಳ ದಾರಿ.

1983ರಿಂದ ಅಲ್ಲಿ ಮೀನುಗಾರಿಕೆಗೆ ನಿಷೇಧವಿದೆ. ಅದರ ಫಲ ನೀರಿಗಿಳಿದ ಕೂಡಲೇ ಕಾಣುತ್ತದೆ. ನಮ್ಮ ಕರಾವಳಿಯ ಮುರು ಮೀನಿನ ಬಳಗಕ್ಕೆ ಸೇರಿದ ದಪ್ಪ ತುಟಿಯ ಗ್ರೂಪರ್ ಒಂದು ಬಂಡೆಯ ಸಂದಿನಿಂದ ಹೊರಬಂದು, ಬಾಡಿಗೆ ಕೇಳಲು ಬಂದ ಮನೆ ಮಾಲೀಕನಂತೆ ನನ್ನನ್ನೇ ದಿಟ್ಟಿಸಿತು. ಕೈಯಳತೆಯ ದೂರ! ಉಸಿರು ಬಿಡುವುದನ್ನೂ ಮರೆತಿದ್ದೆ (ಮರೆಯಬಾರದು). ಬೆಳ್ಳಿ ಬಣ್ಣದ ಬರಾಕುಡಾ ಮೀನುಗಳ ಗುಂಪು, ಪೊಸಿಡೋನಿಯಾ ಎಂಬ ಸಮುದ್ರ ಹುಲ್ಲಿನ ಬಯಲು, ಟಾರ್ಚ್ ಬಿಟ್ಟಾಗಲಷ್ಟೇ ಕೆಂಪಾಗಿ ಕಾಣುವ ಗೋರ್ಗೋನಿಯನ್ ಹವಳಗಳನ್ನೂ ನೋಡಿದೆ.

ಗುಹೆ, ಸುರಂಗಗಳ ಒಳಗೆ ಹೋಗಲಿಲ್ಲ. ಬೇಡ ಎಂದಿದ್ದವರಿಗೆ ಧನ್ಯವಾದ. ತೆಳು ವೆಟ್‌ಸೂಟ್ (ನೀರಿನಲ್ಲಿ ಮೈ ಬೆಚ್ಚಗಿಡುವ ಉಡುಪು) ಸಾಕೆಂದವರ ಮಾತು ನಂಬಿ ಮಾತ್ರ ಗಡಗಡ ನಡುಗಿದೆ.