ಓಣಿಯೊಳಗೆ ಲಾರಿ ಬರುವುದನ್ನು ನಿಲ್ಲಿಸಿದವರು ಇದ್ದರೆ ಹೇಳಿ

ಕೇಳಿದವರು, ಅಮರಗೋಳ ಕಡೆಯಿಂದ:
ನಮ್ಮದು ಮೂವತ್ತು ಅಡಿ ರಸ್ತೆ. ಮೇನ್ ರೋಡಿನ ಸಿಗ್ನಲ್ ತಪ್ಪಿಸೋಕೆ ರಾತ್ರಿ ಹತ್ತು ಗಾಲಿಯ ಲಾರಿಗಳು ಒಳಗೆ ನುಗ್ಗುತ್ತವೆ. ಹಂಪ್ ಹಾಕಿಸೋಣ ಅಂತಿದ್ದೇವೆ. ಅನುಭವ ಇದ್ದವರು ತಿಳಿಸಿ.

ಗೋಕುಲ ರಸ್ತೆ ಕಡೆಯಿಂದ:
ಅಣ್ಣಾ, ಹಂಪಿನಿಂದ ಶುರು ಮಾಡಬೇಡಿ. ನಾವು ರೊಕ್ಕ ಕೂಡಿಸಿ ಮೂರು ಕಡೆ ನಾವೇ ಹಾಕಿಸಿದ್ದೆವು. ಲಾರಿ ಒಂದೂ ಕಡಿಮೆ ಆಗಲಿಲ್ಲ. ಖಾಲಿ ಲಾರಿ ಅದರ ಮೇಲೆ ಎಗರಿದಾಗ ಹಿಂದಿನ ಬಾಗಿಲು ಧಡಾರ್ ಅನ್ನುತ್ತಿತ್ತು, ಮಲಗಿದ ಕೂಸುಗಳು ಎದ್ದು ಅಳುತ್ತಿದ್ದವು. ಬಸುರಿ ಹೆಣ್ಣುಮಗಳು ಆಟೋದಲ್ಲಿ ಅದನ್ನು ದಾಟುವಾಗ ಪಟ್ಟ ಕಷ್ಟ ನೋಡಿ ನಾವೇ ಒಡೆಸಿದೆವು. ರಸ್ತೆ ಹೇಗಿರಬೇಕು ಅಂತ ಮಾನದಂಡ ಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್, ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಮೆತ್ತಗೆ ದಾಟಬೇಕು ಅನ್ನೋದು ಅದರ ಲೆಕ್ಕ. ವೇಗ ಇಳಿಸುತ್ತೆ ಅಷ್ಟೇ, ಲಾರಿಯನ್ನು ವಾಪಸ್ ಕಳಿಸಲ್ಲ.

ನಮಗೆ ಕೆಲಸಕ್ಕೆ ಬಂದದ್ದು ಒಂದು ನೋಟ್‌ಬುಕ್. ಹತ್ತು ರಾತ್ರಿ ಪಾಳಿ ಹಚ್ಚಿ ಕಟ್ಟೆ ಮೇಲೆ ಕೂತೆವು. ಎಷ್ಟು ಗಂಟೆಗೆ ಬಂತು, ಓಣಿಯಲ್ಲಿ ಮಾಲು ಇಳಿಸಿತಾ, ಸುಮ್ನೆ ಹಾದುಹೋಯಿತಾ, ಎಲ್ಲಾ ಬರೆದೆವು. ಜಾಸ್ತಿ ಲಾರಿ ಹಾದುಹೋಗುವವೇ! ಅದನ್ನು ಹಚ್ಚಿ ಪೊಲೀಸ್ ಕಮಿಷನರ್ ಹೆಸರಿಗೆ ಅರ್ಜಿ ಕೊಟ್ಟು, ಒಂದು ಪ್ರತಿ ಪಾಲಿಕೆಗೂ ಕೊಟ್ಟೆವು. 1988ರ ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಒಂದು ರಸ್ತೆಗೆ ಭಾರಿ ವಾಹನ ಬರದಂತೆ ಆದೇಶ ಮಾಡಬಹುದು. ಒಂದು ತಿಂಗಳು ಮೀರದ ನಿರ್ಬಂಧಕ್ಕೆ ಗೆಜೆಟ್ ಪ್ರಕಟಣೆಯೂ ಬೇಕಿಲ್ಲ, ಊರಲ್ಲಿ ತಿಳಿಸಿದರೆ ಸಾಕು. ಹಾಗಾಗಿ ‘ಮೊದಲು ಒಂದು ತಿಂಗಳು ಮಾಡಿ ನೋಡಿ’ ಅಂತಲೇ ಕೇಳಿ. ಬೋರ್ಡನ್ನು ಓಣಿಯ ಬಾಯಲ್ಲಿ ಹಾಕಿಸಬೇಡಿ. ಅಲ್ಲಿಗೆ ಬಂದ ಲಾರಿ ಹಿಂದೆ ತಿರುಗಲು ಜಾಗ ಎಲ್ಲಿ? ಮೇನ್ ರೋಡಿನಲ್ಲೇ, ತಿರುವಿಗಿಂತ ಮುಂಚೆ ಕಾಣಬೇಕು.

ಧಾರವಾಡದಿಂದ:
ಅಡ್ಡಲಾಗಿ ಕಬ್ಬಿಣದ ಕಮಾನು ನಿಲ್ಲಿಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಬೇಡ. ನಮ್ಮಲ್ಲಿ ಬೇಸಿಗೆಯಲ್ಲಿ ನೀರಿನ ಟ್ಯಾಂಕರೇ ಒಳಗೆ ಬರಲಿಲ್ಲ, ಕೊಡ ಹೊತ್ತುಕೊಂಡು ಹೊರಗೆ ಬಂದೆವು. ಬೆಂಕಿ ಬಿದ್ದಿದ್ದರೆ ಅಗ್ನಿಶಾಮಕ ಗಾಡಿಗೂ ಅದೇ ಗತಿ ಅಲ್ವಾ?

ಗದಗದಿಂದ:
ಓಣಿಯಲ್ಲೇ ಮಾಲು ಇಳಿಸುವ ಲಾರಿಗಳಿಗೆ ಉಪಾಯ ಬೇರೆ. ನಮ್ಮ ಓಣಿಯ ಗೋಡೌನ್ ಮಾಲೀಕರ ಹತ್ತಿರ ನಾಲ್ಕು ಮಂದಿ ಹಿರಿಯರು ಹೋಗಿ ಕೂತು ಮಾತಾಡಿದರು. ಶಾಲೆ ಶುರುವಾಗುವ, ಬಿಡುವ ಹೊತ್ತಿಗೆ ಲಾರಿ ತರಿಸಲ್ಲ ಅಂತ ಒಪ್ಪಿದರು, ಹಾಗೇ ನಡೆಸಿಕೊಂಡೂ ಬಂದಿದ್ದಾರೆ. ಡ್ರೈವರ್ ಮೇಲೆ ಮಾತ್ರ ಜಗಳಕ್ಕೆ ಹೋಗಬೇಡಿ, ಪಾಪ, ಅವರು ಹೇಳಿದಲ್ಲಿಗೆ ಬರುವವರು.