ಅಪರಾಧಶಾಸ್ತ್ರದ ಪದವಿಯಲ್ಲಿ ನಿಜವಾಗಿ ಏನನ್ನು ಓದುತ್ತೇವೆ?

ಪ್ರಶ್ನೆ: ಪದವಿಗೆ ಅಪರಾಧಶಾಸ್ತ್ರ ಮತ್ತು ಅಪರಾಧ ನ್ಯಾಯವ್ಯವಸ್ಥೆಯನ್ನು ಆರಿಸಿಕೊಳ್ಳಬೇಕೆಂದಿದ್ದೇನೆ. ಬೆರಳಚ್ಚು, ರಕ್ತದ ಕಲೆಗಳ ಪರೀಕ್ಷೆಯೇ ಇಲ್ಲಿ ಮುಖ್ಯವೆಂದು ಕೆಲವರು, ಕಾನೂನಿನ ಕಲಮುಗಳನ್ನು ಬಾಯಿಪಾಠ ಮಾಡಬೇಕೆಂದು ಮತ್ತೆ ಕೆಲವರು ಹೇಳುತ್ತಾರೆ. ಓದಿದವರು ದಯವಿಟ್ಟು ತಿಳಿಸುವಿರಾ?

ಉತ್ತರ 1: ಎರಡೂ ಪೂರ್ತಿ ನಿಜವಲ್ಲ. ಬೆರಳಚ್ಚು ವಿಧಿವಿಜ್ಞಾನಕ್ಕೆ (ಫೊರೆನ್ಸಿಕ್ ವಿಜ್ಞಾನಕ್ಕೆ) ಸೇರಿದ್ದು. ಜನ ಏಕೆ ಅಪರಾಧ ಮಾಡುತ್ತಾರೆ, ಸಮಾಜ ಯಾವುದನ್ನು ಅಪರಾಧವೆಂದು ಕರೆಯುತ್ತದೆ, ಶಿಕ್ಷೆಯಿಂದ ಆಗುವುದೇನು ಎಂಬುದೇ ಇಲ್ಲಿನ ಮುಖ್ಯ ವಿಷಯ. ಶಿಕ್ಷೆಯ ಕ್ರೌರ್ಯಕ್ಕಿಂತ ಅದರ ಖಚಿತತೆಯೇ ಅಪರಾಧವನ್ನು ತಡೆಯುತ್ತದೆಂದು 1764ರಲ್ಲಿ ಇಟಲಿಯ ಚಿಂತಕ ಬೆಕಾರಿಯಾ ವಾದಿಸಿದರು. ನೂರು ವರ್ಷ ಕಳೆದ ಮೇಲೆ ಇಟಲಿಯ ವೈದ್ಯ ಲೊಂಬ್ರೋಸೊ ತಲೆಬುರುಡೆಗಳನ್ನು ಅಳೆದು ‘ಹುಟ್ಟು ಅಪರಾಧಿ’ಯನ್ನು ಹುಡುಕಲು ಹೊರಟರು. ಆ ಸಿದ್ಧಾಂತ ಬಿದ್ದುಹೋಯಿತು. ಏಕೆ ಬಿತ್ತು ಎಂಬುದನ್ನು ಓದುವುದರಲ್ಲೇ ನನಗೆ ಹೆಚ್ಚು ರುಚಿ ಹತ್ತಿತು.

ಉತ್ತರ 2: ಸಂಖ್ಯಾಶಾಸ್ತ್ರವನ್ನು ಮರೆಯಬೇಡಿ (ಅದಕ್ಕೆ ಹೆದರಿಯೇ ಈ ವಿಷಯಕ್ಕೆ ಬಂದವನು ನಾನು!). ಠಾಣೆಯಲ್ಲಿ ದಾಖಲಾದ ಕಳವಿನ ದೂರುಗಳು ಹೆಚ್ಚಿದರೆ ಕಳವು ಹೆಚ್ಚಿದೆಯೆಂದೇ ಅರ್ಥವಲ್ಲ, ವಿಮೆಯ ಹಣ ಪಡೆಯಲು ದೂರಿನ ಪ್ರತಿ ಬೇಕಾದಾಗಲೂ ಜನ ಠಾಣೆಗೆ ಹೋಗುತ್ತಾರೆ. ಆದ್ದರಿಂದಲೇ ಸಂತ್ರಸ್ತರನ್ನು ನೇರವಾಗಿ ಕೇಳುವ ಸಮೀಕ್ಷೆಗಳನ್ನು ಪಕ್ಕದಲ್ಲಿಟ್ಟು ಓದಬೇಕಾಗುತ್ತದೆ.

ಪ್ರಶ್ನಿಸಿದವರು: ಧನ್ಯವಾದಗಳು. ಹಾಗಾದರೆ ಕಾನೂನು ಬೇಡವೇ?

ಉತ್ತರ 1: ಬಂಧನ, ಜಾಮೀನು, ವಿಚಾರಣೆ, ಪರಿವೀಕ್ಷಣೆ (ಅಪರಾಧಿಯನ್ನು ಜೈಲಿಗೆ ಕಳಿಸದೆ ನಿಗಾದಲ್ಲಿ ಬಿಡುವುದು) ಇವುಗಳ ಕ್ರಮ ತಿಳಿದಿರಬೇಕು. ಆದರೆ ವಕೀಲಿಕೆ ಮಾಡುವ ಆಸೆಯಿದ್ದರೆ ಈ ಪದವಿಯೊಂದೇ ಸಾಲದು, ಕಾನೂನು ಪದವಿಯೂ ಬೇಕು.