ಈ ಮಾತು ಯಾವ ವಿಲಿಯಂ ಪಿಟ್‌ದು? ಒಂದೇ ಹೆಸರಿನ ಇಬ್ಬರಿದ್ದರೆ ಪತ್ತೆ ಹಚ್ಚುವುದು ಹೇಗೆ?

ಪ್ರಶ್ನೆ:
"ಮನುಷ್ಯರ ಸ್ವಾತಂತ್ರ್ಯ ಕಿತ್ತುಕೊಳ್ಳುವಾಗಲೆಲ್ಲ ಮುಂದೊಡ್ಡುವ ನೆಪವೇ ಅನಿವಾರ್ಯತೆ. ಅದು ದಬ್ಬಾಳಿಕೆಗಾರರ ವಾದ, ಗುಲಾಮರ ನಂಬಿಕೆ." ವಿಲಿಯಂ ಪಿಟ್ ಹೆಸರಲ್ಲಿ ಈ ಮಾತು ಎಲ್ಲ ಕಡೆ ಓಡಾಡುತ್ತಿದೆ. ಒಂದು ಪೋಸ್ಟರಿನಲ್ಲಿ ಹೆಸರಿನ ಕೆಳಗೆ 1708–1778 ಎಂದಿದೆ, ಇನ್ನೊಂದರಲ್ಲಿ 1759–1806. ಅಪ್ಪ, ಮಗ ಇಬ್ಬರೂ ಬ್ರಿಟನ್ನಿನ ಪ್ರಧಾನಿಗಳಾಗಿದ್ದವರು. ಉಕ್ತಿಗಳ ಪುಟವೊಂದನ್ನು ತಿದ್ದಬೇಕಿದೆ. ಖಚಿತ ಮಾಡಿಕೊಳ್ಳುವುದು ಹೇಗೆ? ಇಂಥ ಬೇರೆ ಜೋಡಿಗಳಿದ್ದರೂ ತಿಳಿಸಿ.

ಉತ್ತರ 1:
ಮಗನದ್ದು. 1783ರ ನವೆಂಬರ್ 18, ಸಂಸತ್ತಿನ ಕೆಳಮನೆ ಹೌಸ್ ಆಫ್ ಕಾಮನ್ಸ್, ಆಗಿನ ಮಂತ್ರಿ ಫಾಕ್ಸ್ ತಂದ ಈಸ್ಟ್ ಇಂಡಿಯಾ ಮಸೂದೆಯ ಚರ್ಚೆ. ಅಪ್ಪ ತೀರಿಕೊಂಡು ಆಗಲೇ ಐದು ವರ್ಷವಾಗಿತ್ತು. "ಪ್ರಧಾನಿ ಪಿಟ್ ಹೇಳಿದ್ದು" ಎಂದೂ ಬರೆಯಬೇಡಿ. ಮಗ ಪ್ರಧಾನಿಯಾದದ್ದು ಮುಂದಿನ ತಿಂಗಳು.

ಈ ಜೋಡಿಯನ್ನು ಬೇರ್ಪಡಿಸುವುದು ಸುಲಭ, ಏಕೆಂದರೆ ಇಬ್ಬರೂ ಒಟ್ಟಿಗೆ ಸಂಸತ್ತಿನಲ್ಲಿ ಇರಲೇ ಇಲ್ಲ. 1735ರಿಂದ 1766ರವರೆಗೆ ಕಾಮನ್ಸ್‌ನಲ್ಲಿದ್ದವರು ಅಪ್ಪ. 1766ರಲ್ಲಿ ಚ್ಯಾಟಮ್ ಅರ್ಲ್ ಎಂಬ ಬಿರುದು ಪಡೆದು ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ಗೆ ಹೋದರು. ಮಗ ಕಾಮನ್ಸ್‌ಗೆ ಬಂದದ್ದು 1781ರಲ್ಲಿ, ಲಾರ್ಡ್ಸ್‌ಗೆ ಹೋಗಲೇ ಇಲ್ಲ. ಹಾಗಾಗಿ ಭಾಷಣದ ತಾರೀಕು, ಇಲ್ಲವೇ ಯಾವ ಸದನ ಅನ್ನುವುದು ಸಿಕ್ಕರೆ ಸಾಕು. "ಮಿತಿಯಿಲ್ಲದ ಅಧಿಕಾರ ಅದನ್ನು ಹಿಡಿದವರ ಮನಸ್ಸನ್ನು ಕೆಡಿಸುತ್ತದೆ" ಎಂಬ ಮಾತು 1770ರ ಜನವರಿ 9ರಂದು ಲಾರ್ಡ್ಸ್‌ನಲ್ಲಿ ಅಪ್ಪ ಆಡಿದ್ದು. ಮಗನಿಗೆ ಆಗಿನ್ನೂ ಹತ್ತು ವರ್ಷ.

ಉತ್ತರ 2:
ಹುಡುಕುವ ಕ್ರಮ ಹೇಳುತ್ತೇನೆ. ಮೊದಲು ಮಾತನ್ನು ಮೂಲ ಭಾಷೆಗೆ ಒಯ್ಯಿರಿ. ಕನ್ನಡ ಅನುವಾದವನ್ನೇ ಹುಡುಕಿದರೆ ಫಾರ್ವರ್ಡ್‌ಗಳೇ ಸಿಗುತ್ತವೆ. ಮೂಲದಲ್ಲಿ ಅಪರೂಪದ ನಾಲ್ಕೈದು ಪದಗಳ ತುಣುಕನ್ನು ಆರಿಸಿ, ಎರಡೂ ಬದಿ ಉದ್ಧರಣ ಚಿಹ್ನೆ ಹಾಕಿ, ಗೂಗಲ್ ಬುಕ್ಸ್‌ನಲ್ಲಿ ಹಳೆಯ ವರ್ಷಗಳಿಗೆ ಮಿತಿಗೊಳಿಸಿ. ಇಲ್ಲೊಂದು ಮೋಸ ಇದೆ: ನಿಯತಕಾಲಿಕಗಳಿಗೆ ಅದು ಕೆಲವು ಸಲ ಮೊದಲ ಸಂಚಿಕೆಯ ವರ್ಷವನ್ನೇ ಹಚ್ಚಿರುತ್ತದೆ. 1850 ಎಂದು ತೋರಿಸಿದ್ದು ನಿಜವಾಗಿ 1920ರ ಸಂಪುಟವೂ ಆಗಿರಬಹುದು. ಮುಖಪುಟದ ಚಿತ್ರ ನೋಡದೆ ವರ್ಷವನ್ನು ನಂಬಲೇಬೇಡಿ.

ಬ್ರಿಟಿಷ್ ಸಂಸತ್ತಿನ ಚರ್ಚೆಗಳ ದಾಖಲೆಯಾದ ಹ್ಯಾನ್ಸರ್ಡ್ 1803ರಿಂದ ಶುರು. ಅದಕ್ಕೂ ಹಿಂದಿನದಕ್ಕೆ ಕಾಬೆಟ್ ಪ್ರಕಟಿಸಿದ 'ಪಾರ್ಲಿಮೆಂಟರಿ ಹಿಸ್ಟರಿ' ನೋಡಬೇಕು. ಆ ಕಾಲದ ವರದಿಗಳು ಪದಕ್ಕೆ ಪದ ಬರೆದುಕೊಂಡವಲ್ಲ. 1771ರವರೆಗೂ ಚರ್ಚೆ ಅಚ್ಚು ಹಾಕುವುದಕ್ಕೇ ತಡೆಯಿತ್ತು. ಆದ್ದರಿಂದ ಅಪ್ಪ ಪಿಟ್ ಮಾತಿಗೆ "ಹೇಳಿದರೆಂದು ವರದಿಯಾಗಿದೆ" ಎನ್ನುವುದೇ ಪ್ರಾಮಾಣಿಕ.

ಉತ್ತರ 3:
ಎಡವಟ್ಟು ಶುರುವಾಗುವುದೇ ಇನಿಷಿಯಲ್ ಬಿಟ್ಟಾಗ. "ಅಧ್ಯಕ್ಷ ಬುಷ್" ಎಂದಷ್ಟೇ ಬರೆದರೆ ಯಾರು? "ಹೊಸ ವಿಶ್ವ ವ್ಯವಸ್ಥೆ" ಎಂಬ ಮಾತು ಬಂದ ಭಾಷಣದ ತಾರೀಕು ಸೆಪ್ಟೆಂಬರ್ 11, ಆದರೆ ವರ್ಷ 1990. ಆಡಿದವರು ಅಪ್ಪ ಜಾರ್ಜ್ ಎಚ್. ಡಬ್ಲ್ಯೂ. ಬುಷ್. ವರ್ಷ ಬಿಟ್ಟು ತಾರೀಕು ಮಾತ್ರ ಹಾಕಿದರೆ ಓದುವವರು 2001 ಎಂದುಕೊಂಡು ಮಗನ ತಲೆಗೆ ಕಟ್ಟುತ್ತಾರೆ.

ಆಲಿವರ್ ವೆಂಡೆಲ್ ಹೋಮ್ಸ್ ಕೂಡ ಇಬ್ಬರು. ಅಪ್ಪ ವೈದ್ಯ ಮತ್ತು ಕವಿ, 1894ರಲ್ಲಿ ತೀರಿಕೊಂಡರು. ತೆರಿಗೆ ಎಂದರೆ ನಾಗರಿಕ ಸಮಾಜಕ್ಕಾಗಿ ನಾವು ತೆರುವುದು ಎಂದದ್ದು ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಮಗ, 1927ರ ಭಿನ್ನ ತೀರ್ಪಿನಲ್ಲಿ.

ನಿಜಕ್ಕೂ ಕಷ್ಟ ಕೊಡುವವರು ವಿನ್‌ಸ್ಟನ್ ಚರ್ಚಿಲ್‌ಗಳು. ಅಮೆರಿಕದ ಕಾದಂಬರಿಕಾರ (1871–1947) ಬ್ರಿಟಿಷ್ ಪ್ರಧಾನಿಗಿಂತ (1874–1965) ಮೂರು ವರ್ಷ ದೊಡ್ಡವರು, ನ್ಯೂ ಹ್ಯಾಂಪ್‌ಷೈರ್ ಶಾಸನಸಭೆಯಲ್ಲೂ ಇದ್ದವರು. ಇಬ್ಬರೂ ಸಮಕಾಲೀನರು, ಇಬ್ಬರೂ ಪುಸ್ತಕ ಬರೆದವರು. ಇಲ್ಲಿ ತಾರೀಕಿನಿಂದ ಬಗೆಹರಿಯುವುದಿಲ್ಲ. 1899ರಲ್ಲಿ ಪತ್ರ ವ್ಯವಹಾರ ನಡೆದು, ಬ್ರಿಟಿಷ್ ಚರ್ಚಿಲ್ ತಮ್ಮ ಹೆಸರಿಗೆ 'ಸ್ಪೆನ್ಸರ್' ಸೇರಿಸಿಕೊಳ್ಳಲು ಒಪ್ಪಿದರು. ಹಾಗಾಗಿ ಮುಖಪುಟದಲ್ಲಿ 'ಎಸ್.' ಇದೆಯೇ ನೋಡಿ, ಪ್ರಕಾಶಕರ ಹೆಸರನ್ನೂ ತಾಳೆ ಹಾಕಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ತಪ್ಪು ನಮೂದನ್ನು ಅಳಿಸಿಬಿಡಲೇ?

ಉತ್ತರ 2:
ಅಳಿಸಬೇಡಿ. ಅಳಿಸಿದರೆ ಪೋಸ್ಟರ್ ನೋಡಿದ ಇನ್ನೊಬ್ಬರು ಮತ್ತೆ ತಂದು ಸೇರಿಸುತ್ತಾರೆ. ಅಪ್ಪನ ಪುಟದಲ್ಲಿ "ತಪ್ಪಾಗಿ ಇವರ ಹೆಸರಿಗೆ ಸೇರಿದವು" ಎಂಬ ವಿಭಾಗ ಮಾಡಿ ಅಲ್ಲಿಡಿ. ಮಗನ ಪುಟದಲ್ಲಿ ಹೀಗೆ ಬರೆಯಿರಿ: ವಿಲಿಯಂ ಪಿಟ್ (ಕಿರಿಯ, 1759–1806), ಹೌಸ್ ಆಫ್ ಕಾಮನ್ಸ್, 18 ನವೆಂಬರ್ 1783. ಪಕ್ಕದ ಚಿತ್ರವನ್ನೂ ಪರೀಕ್ಷಿಸಿ. ಹೆಸರು ತಿದ್ದಿ, ಅಪ್ಪನ ಚಿತ್ರವನ್ನು ಹಾಗೇ ಬಿಟ್ಟಿರುವ ಪುಟಗಳು ಬೇಕಾದಷ್ಟಿವೆ.